ಕರಗಿದರಷ್ಟೇ ಸಾಲದು

(ಮಾವ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು, ಅರಕಲಗೂಡು ತಾಲ್ಲೂಕಿನಲ್ಲಿ ಒಂದಿಷ್ಟು ಶುಂಠಿ ಜಮೀನಿದೆ. ಸೊಸೆ ಅಂದರೆ ಅವರ ಅಕ್ಕನ ಮಗಳು; ಹಾಸನದಲ್ಲಿ ಫಾರ್ಮಸಿ ವಿದ್ಯಾರ್ಥಿಗಳಿಗೆ ಔಷಧ ತಯಾರಿಕೆ ಕಲಿಸುತ್ತಾಳೆ. ಮಾವನ ಬೀಗಿತ್ತಿ ಚನ್ನರಾಯಪಟ್ಟಣದವರು, ಸ್ತನ ಕ್ಯಾನ್ಸರಿಗೆ ಕೀಮೋ ನಡೆಯುತ್ತಿದೆ. ಅವರಿಗೆಂದು ಮಾವ ಒಂದು ಡಬ್ಬಿ ಅರಿಶಿನದ ಕ್ಯಾಪ್ಸೂಲ್ ತರಿಸಿದ್ದರು.)

ಮಾವ: ಡಬ್ಬಿ ಮೇಲೇ ಬರೆದಿದೆ ನೋಡಮ್ಮ. ಕರ್ಕ್ಯುಮಿನ್ 95%, ಜೊತೆಗೆ ಕರಿಮೆಣಸಿನ ಸತ್ವ, ಮೈಗೆ ಹತ್ತುವುದು 20 ಪಟ್ಟು ಹೆಚ್ಚು. ಬರೀ ಸುಳ್ಳಾ ಇದು?

ಸೊಸೆ: ಸುಳ್ಳಲ್ಲ ಮಾವ. ಆ ಲೆಕ್ಕ ಬಂದಿದ್ದೇ ನಮ್ಮ ಬೆಂಗಳೂರಿನಿಂದ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ ಅಂಶ, ಕೊಟ್ಟು ರಕ್ತ ನೋಡಿದರು. ಹೆಚ್ಚುಕಮ್ಮಿ ಏನೂ ಸಿಗಲಿಲ್ಲ. ಅದರ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಂಶ, ಕೊಟ್ಟಾಗ ಮುಕ್ಕಾಲು ಗಂಟೆಯೊಳಗೆ ರಕ್ತದಲ್ಲಿ ಕರ್ಕ್ಯುಮಿನ್ ಕಾಣಿಸಿಕೊಂಡಿತು. ಶೇಕಡಾ 2000ದಷ್ಟು ಏರಿಕೆ ಅಂತ ಬರೆದರು. ಮೆಣಸು ಸೇರಿಸಿದ ಅರಿಶಿನದ ಮಾತ್ರೆ ಮಾರುವವರಲ್ಲಿ ಹೆಚ್ಚಿನವರು ಇವತ್ತಿಗೂ ಆ ಒಂದು ಪ್ರಬಂಧದ ಮೇಲೆ ನಿಂತಿದ್ದಾರೆ.

ಮಾವ: ಮತ್ತೆ ಇನ್ನೇನು ಬೇಕು?

ಸೊಸೆ: ಎಷ್ಟರ 20 ಪಟ್ಟು ಅಂತ ಕೇಳಬೇಕು. ಮೊದಲು ಇದ್ದಿದ್ದೇ ಇಲ್ಲ ಎನ್ನುವಷ್ಟು. ಅದರ 20 ಪಟ್ಟು ಅಂದರೂ ಒಂದು ಮಿಲಿಲೀಟರ್ ರಕ್ತಸಾರಕ್ಕೆ 0.18 ಮೈಕ್ರೋಗ್ರಾಂ ಹತ್ತಿರ, ಅದೂ ಕೊಂಚ ಹೊತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶ ಸಾಯಬೇಕಾದರೆ ಸಾಮಾನ್ಯವಾಗಿ ಅದರ ಹತ್ತಾರು ಪಟ್ಟು ಬೇಕು. ತೈವಾನಿನಲ್ಲಿ 2001ರಲ್ಲಿ ದಿನಕ್ಕೆ 8 ಗ್ರಾಂ ತನಕ ಕೊಟ್ಟು ನೋಡಿದರು. ಆಗಲೂ ರಕ್ತದಲ್ಲಿ ಸಿಕ್ಕಿದ್ದು 2 ಮೈಕ್ರೋಮೋಲಾರಿಗಿಂತ ಕಮ್ಮಿ. ತಟ್ಟೆಯಲ್ಲಿ ಸುರಿಯುವುದು 10, 20, 50.

ಮಾವ: ತಟ್ಟೆಯಲ್ಲಿ ಕರಗುವುದು ಹೊಟ್ಟೆಯಲ್ಲಿ ಯಾಕೆ ಕರಗಲ್ಲ?

ಸೊಸೆ: ತಟ್ಟೆಯಲ್ಲಿ ಅದನ್ನು ನೀರಲ್ಲಿ ಕರಗಿಸುವುದೇ ಇಲ್ಲ ಮಾವ. ಡಿಎಂಎಸ್‌ಒ ಅಂತ ಒಂದು ದ್ರಾವಕ ಇದೆ, ಹೆಚ್ಚುಕಡಿಮೆ ಯಾವುದನ್ನು ಹಾಕಿದರೂ ಕರಗುತ್ತೆ. ಅದರಲ್ಲಿ ಕರಗಿಸಿ ಜೀವಕೋಶದ ಮೇಲೆ ಬಿಡುತ್ತಾರೆ. ಗಿಡದ ಸಾರ ತಂದು, ಡಿಎಂಎಸ್‌ಒಗೆ ಹಾಕಿ, ಇಷ್ಟು ಜೀವಕೋಶ ಸತ್ತವು ಅಂತ ಬರೆದ ಪ್ರಬಂಧ ನಮ್ಮ ರಾಜ್ಯದ ಪ್ರತಿ ಕಾಲೇಜಿನಲ್ಲೂ ಬೀರುಗಟ್ಟಲೆ ಇದೆ. ಮನುಷ್ಯನ ಹೊಟ್ಟೆಯಲ್ಲಿ ಇರುವುದು ನೀರು, ಆಮ್ಲ, ಪಿತ್ತರಸ. ಅಲ್ಲಿಂದ ದಾಟಿದ ಮೇಲೆ ರಕ್ತ, ಅದೂ ನೀರೇ. ನನ್ನ ಮಟ್ಟಿಗೆ ಅಸಲಿ ಪರೀಕ್ಷೆ ಶುರುವಾಗುವುದು ಡಿಎಂಎಸ್‌ಒ ಬಾಟಲಿ ಮುಚ್ಚಿಟ್ಟ ಮೇಲೆ.

ಮಾವ: ಅರಿಶಿನ ನೀರಲ್ಲಿ ಕರಗಲ್ಲ ಅನ್ನುವುದು ನನಗೂ ಗೊತ್ತು. ಸುಣ್ಣ ಹಾಕಿದರೆ ಕರಗುತ್ತಲ್ಲ, ಓಕುಳಿ ಕಲಸುವಾಗ.

ಸೊಸೆ: ಅದನ್ನೇ ನಾನು ಮೊದಲ ವರ್ಷದವರಿಗೆ ಮಾಡಿ ತೋರಿಸುವುದು! ಅಗಲವಾದ ತಟ್ಟೆಯಲ್ಲಿ ನೀರು, ಅದಕ್ಕೆ ಚಿಟಿಕೆ ಅರಿಶಿನ. ಅರ್ಧ ಮೇಲೆ ತೇಲುತ್ತೆ, ಅರ್ಧ ತಳಕ್ಕೆ ಕೂರುತ್ತೆ, ನೀರು ಕದಡಿದ ಹಳದಿ ಆಗುತ್ತೆ ಅಷ್ಟೆ. ಬೆರಳ ತುದಿಯಲ್ಲಿ ಸುಣ್ಣ ತೆಗೆದುಕೊಂಡು ಅದ್ದಿದರೆ ಬೆರಳಿನ ಸುತ್ತಲಿಂದ ಕೆಂಪು ಹರಡಿಕೊಂಡು ಹೋಗುತ್ತೆ. ಕ್ಷಾರದಲ್ಲಿ ಕರ್ಕ್ಯುಮಿನ್ನಿನ ಅಣು ಹೈಡ್ರೋಜನ್ ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತೆ. ವಿದ್ಯುದಂಶ ಇರುವುದನ್ನು ನೀರು ಒಳಗೆ ಸೇರಿಸಿಕೊಳ್ಳುತ್ತೆ. ಕರಗಿತು. ಆದರೆ ಅದೇ ತಟ್ಟೆಯನ್ನು ಸಂಜೆ ತನಕ ಹಾಗೇ ಬಿಟ್ಟು ನೋಡಿ. ಬೆಳಗಿನ ಕೆಂಪು ಇರಲ್ಲ, ಮಂಕಾಗಿ ಕಂದು ತಿರುಗಿರುತ್ತೆ.

ಮಾವ: ಹೌದು, ಬಾಗಿಲಲ್ಲಿ ಚೆಲ್ಲಿದ್ದೂ ಹಾಗೇ ಆಗುತ್ತೆ. ಬಿಸಿಲಿಗೆ ಅಂದುಕೊಂಡಿದ್ದೆ.

ಸೊಸೆ: ಬಿಸಿಲೂ ಇದೆ. ಆದರೆ ನೆರಳಲ್ಲಿಟ್ಟರೂ ಆಗುತ್ತೆ. ಕ್ಷಾರದಲ್ಲಿ ಆ ಅಣು ಕರಗುತ್ತಲೇ ಮುರಿಯುತ್ತಾ ಹೋಗುತ್ತೆ. ಅಷ್ಟು ಸುಣ್ಣ ಯಾಕೆ, ನಮ್ಮ ರಕ್ತದಷ್ಟೇ ಪಿಎಚ್ ಇರುವ ದ್ರಾವಣದಲ್ಲಿ, ಮೈ ಬಿಸಿಯಲ್ಲಿ, ಅರ್ಧ ಗಂಟೆಗೆ ಶೇಕಡಾ 90ರಷ್ಟು ಹಾಳಾಗುತ್ತೆ ಅಂತ 1997ರಲ್ಲೇ ಅಳೆದಿದ್ದಾರೆ. ನನ್ನ ವಿಷಯದ ಇಡೀ ಕಷ್ಟ ಆ ತಟ್ಟೆಯಲ್ಲಿದೆ ಮಾವ. ಕರಗಬೇಕು, ಆದರೆ ಕರಗುವ ಭರದಲ್ಲಿ ತನ್ನ ಆಕಾರ ಕಳೆದುಕೊಳ್ಳಬಾರದು. ಕ್ಯಾನ್ಸರ್ ಮುಟ್ಟುವ ಶಕ್ತಿ ಇರುವುದು ಆಕಾರದಲ್ಲಿ.

ಮಾವ: ಇದು ಅರಿಶಿನದ ಒಂದರ ಪಾಡೋ, ಎಲ್ಲ ಗಿಡಮೂಲಿಕೆಗೂ ಹೀಗೋ?

ಸೊಸೆ: ಎಲ್ಲಕ್ಕೂ ಅಲ್ಲ. ನಿಮ್ಮ ಕಾಂಪೌಂಡಿನಲ್ಲಿ ನಿತ್ಯಪುಷ್ಪ ಇದೆಯಲ್ಲ, ಅದರ ವಿನ್‌ಕ್ರಿಸ್ಟೀನ್ ಮಕ್ಕಳ ರಕ್ತ ಕ್ಯಾನ್ಸರಿಗೆ 60 ವರ್ಷದಿಂದ ಕೊಡುತ್ತಿದ್ದಾರೆ. ಅದರಲ್ಲಿ ಕ್ಷಾರ ಗುಣದ ಸಾರಜನಕ ಇದೆ, ಸಲ್ಫೇಟ್ ಲವಣ ಮಾಡಿದರೆ ನೀರಲ್ಲಿ ಕರಗುತ್ತೆ. ಅಲ್ಲಿ ಕಷ್ಟ ಬೇರೆ, ನೂರಾರು ಕಿಲೋ ಒಣ ಎಲೆ ಅರೆದರೂ ಸಿಗುವುದು ಗ್ರಾಂ ಲೆಕ್ಕದಲ್ಲಿ. ಇನ್ನು ಅರಕಲಗೂಡಿನ ಹೊಗೆಸೊಪ್ಪು ನೋಡಿ. ನಿಕೋಟಿನ್‌ಗೆ ಯಾರ ಸಹಾಯವೂ ಬೇಡ. ನೀರಲ್ಲೂ ಬೆರೆಯುತ್ತೆ, ಕೊಬ್ಬಲ್ಲೂ ಬೆರೆಯುತ್ತೆ, ಹೊಗೆ ಎಳೆದ ಕೆಲವೇ ಸೆಕೆಂಡಿಗೆ ಮಿದುಳಲ್ಲಿರುತ್ತೆ.

ಮಾವ: ಎಳೆಯುವುದೇ ಬೇಡ. ರಾಮನಾಥಪುರದ ಕಡೆ ಮಳೆ ಹನಿ ಆರದ ಬೆಳಗ್ಗೆ ಸೊಪ್ಪು ಮುರಿಯಲು ಹೋದ ಹೆಣ್ಣಾಳುಗಳು ಮಧ್ಯಾಹ್ನದ ಹೊತ್ತಿಗೆ ವಾಂತಿ ಮಾಡಿಕೊಂಡು ಬದುವಿನ ಮೇಲೆ ಮಲಗಿರುವುದನ್ನ ನಾನೇ ಕಂಡಿದೀನಿ. ಬೀಡಿ ಮುಟ್ಟದವರು.

ಸೊಸೆ: ಒದ್ದೆ ಎಲೆಯಿಂದ ಚರ್ಮದ ಮೂಲಕವೇ ಹೋಗುತ್ತೆ. ಅವರಿಗೆ ತೋಳು ಮುಚ್ಚುವ ಅಂಗಿ, ಕೈಗವಸು ಕೊಡಬೇಕು ಅಂತ ಎಷ್ಟು ಹೇಳಿದರೂ ಕಮ್ಮಿಯೇ. ಗಿಡದಿಂದ ಬಂದದ್ದು ಅಂದ ತಕ್ಷಣ ಮೈಗೆ ಒಳ್ಳೆಯದು ಅನ್ನುವವರಿಗೆ ನಾನು ಆ ಹೊಲದ ಕಡೆ ಕೈ ತೋರಿಸುತ್ತೇನೆ. ಮೈಯೊಳಗೆ ಸಲೀಸಾಗಿ ಇಳಿಯುವ ಗಿಡದ ವಸ್ತು ಅದು. ಕ್ಯಾನ್ಸರ್ ಮದ್ದಾಗಬೇಕಾದ ವಸ್ತುಗಳು ಬಾಗಿಲಲ್ಲೇ ನಿಂತುಬಿಡುತ್ತವೆ.

ಮಾವ: ಹಾಗೆ ನಿಂತಿದ್ದನ್ನ ಒಳಗೆ ಕರೆತಂದು ಗೆದ್ದಿದ್ದು ಒಂದಾದರೂ ಇದೆಯೋ?

ಸೊಸೆ: ಇದೆ, ಅದು ನಮ್ಮ ಘಟ್ಟದ ಮರದ ಕಥೆಯೂ ಹೌದು. ದುರ್ವಾಸನೆ ಮರ ಅಂತಾರೆ, ಹೂವು ನಾರುತ್ತೆ. ಮರಾಠಿಯಲ್ಲಿ ನರಕ್ಯಾ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ವಾನಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್‌ಬಾರಿನಲ್ಲಿ, ಓದಿದ್ದು ಬೊಂಬಾಯಿಯಲ್ಲಿ. 1972ರಲ್ಲಿ ಬೊಂಬಾಯಿಯ ಸಿಬಾ ಸಂಶೋಧನಾ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಪಶ್ಚಿಮ ಘಟ್ಟದ ಈ ಮರದಲ್ಲಿ ಕಂಡರು, ಅದೂ ಚೀನಾದ ಮರಕ್ಕಿಂತ ಹೆಚ್ಚಾಗಿ. ಇಲಿಗಳ ಕ್ಯಾನ್ಸರಿಗೆ ಅದು ಬಹಳ ಚೆನ್ನಾಗಿ ಹತ್ತಿತ್ತು. ಆದರೆ ನೀರಲ್ಲಿ ಕರಗದು. ಆಗಿನವರು ಏನು ಮಾಡಿದರು ಗೊತ್ತಾ? ನಿಮ್ಮ ಓಕುಳಿಯದೇ ಉಪಾಯ. ಕ್ಷಾರ ಹಾಕಿ ಸೋಡಿಯಂ ಲವಣ ಮಾಡಿದರು. ಚೆನ್ನಾಗಿ ಕರಗಿತು. 1970ರ ಆಸುಪಾಸಿನಲ್ಲಿ ರೋಗಿಗಳಿಗೂ ಕೊಟ್ಟರು.

ಮಾವ: ಮುರಿಯಿತಾ?

ಸೊಸೆ: ಅಣುವಿನ ಒಂದು ತುದಿಯಲ್ಲಿ ಲ್ಯಾಕ್ಟೋನ್ ಅಂತ ಉಂಗುರ ಇದೆ. ಕ್ಷಾರಕ್ಕೆ ಅದು ಬಿಚ್ಚಿಕೊಳ್ಳುತ್ತೆ. ಬಿಚ್ಚಿಕೊಂಡಿದ್ದು ಕರಗುತ್ತೆ, ಆದರೆ ಕ್ಯಾನ್ಸರಿಗೆ ನಾಟುವುದಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಮನುಷ್ಯನ ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಆ ಬಿಚ್ಚಿಕೊಂಡ ರೂಪವನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತೆ, ಇಲಿಯ ಆಲ್ಬುಮಿನ್ ಅಷ್ಟು ಹಿಡಿಯಲ್ಲ. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತಿದ್ದಕ್ಕೆ ಅದೊಂದು ದೊಡ್ಡ ಕಾರಣ. ಹಾಗೇ ಹರಿದುಹೋಗಿ ಮೂತ್ರಕೋಶ ಸೇರಿದಾಗ ಅಲ್ಲಿ ಆಮ್ಲ, ಉಂಗುರ ಮತ್ತೆ ಮುಚ್ಚಿಕೊಂಡಿತು, ಮದ್ದು ಮತ್ತೆ ಮದ್ದಾಯಿತು, ಇರಬಾರದ ಜಾಗದಲ್ಲಿ. ರೋಗಿಗಳಿಗೆ ಮೂತ್ರದಲ್ಲಿ ರಕ್ತ ಹೋಯಿತು. 1972ಕ್ಕೆಲ್ಲ ಪ್ರಯೋಗ ನಿಂತಿತು.

ಮಾವ: ಅಯ್ಯೋ. ಆ ರೋಗಿಗಳು ಎಷ್ಟು ಆಸೆ ಇಟ್ಟುಕೊಂಡು ಬಂದಿದ್ದರೋ ಏನೋ.

ಸೊಸೆ: ಅದನ್ನು ಪಾಠ ಮಾಡುವಾಗ ನಾನು ವೇಗವಾಗಿ ದಾಟಿ ಹೋಗುವುದಿಲ್ಲ ಮಾವ. ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಹೆಚ್ಚಿನವರು ಅದರ ತಂಟೆಗೆ ಹೋಗಲಿಲ್ಲ. 1985ರಲ್ಲಿ ಅದು ಟೊಪೊಐಸೊಮರೇಸ್ 1 ಅನ್ನುವ ಕಿಣ್ವವನ್ನು ಹಿಡಿಯುತ್ತೆ, ಜೀವಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಸಿಕ್ಕು ಬಿಡಿಸುವ ಕಿಣ್ವ ಅದು, ಅಂತ ಗೊತ್ತಾದ ಮೇಲೆ ಮತ್ತೆ ಜೀವ ಬಂತು. ಅಷ್ಟರಲ್ಲಿ ಜಪಾನಿನಲ್ಲಿ ಯಾಕುಲ್ಟ್ ಕಂಪನಿ, ಅದೇ ಪುಟ್ಟ ಬಾಟಲಿಯ ಹಾಲಿನ ಪಾನೀಯ ಮಾಡುವವರು, ಬೇರೆ ದಾರಿ ಹಿಡಿದಿತ್ತು. ಉಂಗುರಕ್ಕೆ ಕೈ ಹಚ್ಚಲಿಲ್ಲ. ಅಣುವಿನ ಇನ್ನೊಂದು ತುದಿಗೆ ನೀರಿಗೊಗ್ಗುವ ಒಂದು ಬಾಲ ಕಟ್ಟಿದರು. ಅದು ಇರಿನೊಟೆಕಾನ್. ಬಾಲ ಇರುವ ತನಕ ಅದರ ಶಕ್ತಿ ಕಮ್ಮಿ. ರಕ್ತನಾಳಕ್ಕೆ ಹೋದ ಮೇಲೆ ಯಕೃತ್ತಿನ ಕಿಣ್ವಗಳು ಬಾಲ ಕತ್ತರಿಸುತ್ತವೆ. ಉಳಿದ ಭಾಗದ ಶಕ್ತಿ ನೂರಾರು ಪಟ್ಟು. ಜಪಾನಿನಲ್ಲಿ 1994ರಲ್ಲಿ ಒಪ್ಪಿಗೆ ಸಿಕ್ಕಿತು, ಅಮೆರಿಕದಲ್ಲಿ 1996ರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ. ಈಗ ಹಾಸನದ ರೋಗಿಗಳೂ ತೆಗೆದುಕೊಳ್ಳುತ್ತಾರೆ. ಕಂಡುಹಿಡಿದದ್ದರಿಂದ ಔಷಧಿ ಅಂಗಡಿ ತನಕ 30 ವರ್ಷ.

ಮಾವ: ಮರ ನಮ್ಮದು, ವಾನಿ ನಮ್ಮವರು, ಬಾಲ ಕಟ್ಟಿದ್ದು ಜಪಾನಿನವರು. ನನಗೆ ಇದು ಒಳಗೇ ಕೊರೆಯುತ್ತೆ.

ಸೊಸೆ: ನನಗೂ ಕೊರೆಯುತ್ತೆ. ಅದಕ್ಕಿಂತ ಹೆಚ್ಚಾಗಿ ಕೊರೆಯುವುದು ಮರದ ಪಾಡು. ಒಣ ಕಟ್ಟಿಗೆಯಲ್ಲಿ ಇರುವುದೇ ಶೇಕಡಾ ಒಂದಕ್ಕಿಂತ ಕಮ್ಮಿ. ಹೊರದೇಶದ ಬೇಡಿಕೆಗೆ ಘಟ್ಟದಲ್ಲಿ ಬುಡ ಸಮೇತ ಕಡಿದು ಚೂರು ಮಾಡಿ ಸಾಗಿಸಿದರು. ನಮ್ಮವರು ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಉಮಾಶಂಕರ್ ಅವರ ತಂಡ ಘಟ್ಟದಲ್ಲಿ ಮರ ಮರದ ಅಂಶ ಅಳೆಯಿತು, ಅದೇ ಬಳಗದ ಬೇರೆ ಬಳ್ಳಿಗಳಲ್ಲೂ ಕ್ಯಾಂಪ್ಟೊಥೆಸಿನ್ ಇದೆ ಅಂತ ತೋರಿಸಿತು. ಬುಡ ಕಡಿಯದೆ ಪಡೆಯುವ ದಾರಿ ಹುಡುಕುವುದೂ ಔಷಧ ವಿಜ್ಞಾನವೇ.

ಮಾವ: ಬೀಗಿತ್ತಿಗೆ ಕೊಡುತ್ತಿರುವುದು ಇರಿನೊಟೆಕಾನ್ ಅಲ್ಲವಲ್ಲ. ಚೀಟಿಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಅಂತಿದೆ.

ಸೊಸೆ: ಅದೂ ಗಿಡದ್ದೇ, ಅದೂ ವಾಲ್ ಮತ್ತು ವಾನಿಯವರದ್ದೇ, 1971. ಯೂ ಅನ್ನುವ ಮರದ ತೊಗಟೆಯಿಂದ ಬಂದದ್ದು. ಅದೂ ನೀರಿಗೆ ಒಗ್ಗದು. ಅದನ್ನು ಕರಗಿಸಿದ್ದು ಹರಳೆಣ್ಣೆಯಿಂದ ತಯಾರಾದ ಒಂದು ದ್ರಾವಕದಲ್ಲಿ. ಕೀಮೋ ಹನಿ ಶುರು ಮಾಡುವ ಮೊದಲು ಅವರಿಗೆ ಸ್ಟಿರಾಯ್ಡ್, ಅಲರ್ಜಿಯ ಇಂಜೆಕ್ಷನ್ ಕೊಟ್ಟರಲ್ಲ?

ಮಾವ: ಕೊಟ್ಟರು. ಮದ್ದು ಅಷ್ಟು ಉಗ್ರ ಅಂತ ಹೆದರಿಕೊಂಡಿದ್ದರು ಪಾಪ.

ಸೊಸೆ: ಆ ಮುನ್ನೆಚ್ಚರಿಕೆ ಬಹುಮಟ್ಟಿಗೆ ಮದ್ದಿಗಲ್ಲ, ದ್ರಾವಕಕ್ಕೆ. ಕೆಲವರಿಗೆ ಅದರಿಂದ ಉಸಿರು ಕಟ್ಟುತ್ತೆ, ರಕ್ತದೊತ್ತಡ ಇಳಿಯುತ್ತೆ. 2005ರಿಂದ ಇನ್ನೊಂದು ರೂಪ ಬಂದಿದೆ. ಪ್ಯಾಕ್ಲಿಟ್ಯಾಕ್ಸೆಲನ್ನು ಆಲ್ಬುಮಿನ್ನಿನ ಕಣದಲ್ಲಿ ಸೇರಿಸಿ, ಸುಮಾರು 130 ನ್ಯಾನೋಮೀಟರ್ ಗಾತ್ರ, ಹರಳೆಣ್ಣೆ ಇಲ್ಲದೆ ಅರ್ಧ ಗಂಟೆಯಲ್ಲಿ ಕೊಡುತ್ತಾರೆ. ಅಲ್ಲಿ ಕ್ಯಾಂಪ್ಟೊಥೆಸಿನ್ನಿಗೆ ಶತ್ರುವಾದ ಆಲ್ಬುಮಿನ್ ಇಲ್ಲಿ ವಾಹನ. ಬೀಗಿತ್ತಿಗೆ ಹೇಳಿ, ಆ ಇಂಜೆಕ್ಷನ್ ಕಂಡು ಹೆದರಬೇಡಿ ಅಂತ.

ಮಾವ: ಹಾಗಾದರೆ ಅರಿಶಿನಕ್ಕೂ ರಕ್ತನಾಳದ ದಾರಿ ಯಾಕೆ ಹಿಡಿಯಬಾರದು? ಹೊಟ್ಟೆಯ ರಗಳೆಯೇ ಇರಲ್ಲ.

ಸೊಸೆ: ಹಿಡಿದಿದ್ದಾರೆ, ಎರಡು ಥರ. ಆರ್ಮೇನಿಯಾದಲ್ಲಿ ಸ್ತನ ಕ್ಯಾನ್ಸರ್ ಹರಡಿದ್ದ 150 ಹೆಂಗಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಕೊಡುತ್ತಾ, ಅರ್ಧ ಜನಕ್ಕೆ ವಾರಕ್ಕೆ 300 ಮಿಲಿಗ್ರಾಂ ಕರ್ಕ್ಯುಮಿನ್ ನಾಳಕ್ಕೆ ಕೊಟ್ಟರು, ಇನ್ನರ್ಧಕ್ಕೆ ಬರೀ ದ್ರಾವಣ. ಯಾರಿಗೆ ಯಾವುದು ಅಂತ ವೈದ್ಯರಿಗೂ ಗೊತ್ತಿರಲಿಲ್ಲ. 2020ರಲ್ಲಿ ಪ್ರಕಟವಾಯಿತು. ಗಡ್ಡೆ ಕುಗ್ಗಿದ್ದು ಕರ್ಕ್ಯುಮಿನ್ ಪಡೆದವರಲ್ಲಿ ನೂರಕ್ಕೆ 51 ಜನಕ್ಕೆ, ಬರೀ ದ್ರಾವಣ ಪಡೆದವರಲ್ಲಿ 33. ಬೇರೆ ಕಡೆ, ಇನ್ನೂ ದೊಡ್ಡದಾಗಿ, ಮತ್ತೆ ಮಾಡಿ ನೋಡಲೇಬೇಕಾದ ಕೆಲಸ ಅದು.

ಮಾವ: ಇನ್ನೊಂದು?

ಸೊಸೆ: 2017ರಲ್ಲಿ ಅಮೆರಿಕದಲ್ಲಿ ಚರ್ಮದ ಕಾಯಿಲೆಗೆ ಅಂತ ಒಬ್ಬ ಹೆಂಗಸಿಗೆ ಅರಿಶಿನದ ದ್ರಾವಣ ನಾಳಕ್ಕೆ ಏರಿಸಿದರು. ನಿಮಿಷಗಳಲ್ಲಿ ಹೃದಯ ನಿಂತಿತು, ಉಳಿಯಲಿಲ್ಲ. ಅಲ್ಲಿನ ಔಷಧ ನಿಯಂತ್ರಣದವರು ಬಾಟಲಿ ಪರೀಕ್ಷಿಸಿದಾಗ ಬರೆದಿದ್ದರಲ್ಲಿ ನೂರಕ್ಕೆ ಮೂರು ಭಾಗವೂ ಕರ್ಕ್ಯುಮಿನ್ ಇರಲಿಲ್ಲ. ಮತ್ತೆ ಅದೇ ಹರಳೆಣ್ಣೆ ಬಳಗದ ದ್ರಾವಕ, ಅದೂ ಮನುಷ್ಯರಿಗೆ ತಕ್ಕ ಶುದ್ಧಿಯದಲ್ಲ, ವಿಷದ ಕಲ್ಮಶ ಇದ್ದದ್ದು. ಯಾವುದರಲ್ಲಿ ಕರಗಿಸುತ್ತೀವೋ ಅದನ್ನೂ ರೋಗಿಗೆ ಕುಡಿಸುತ್ತಿದ್ದೇವೆ ಅಂತ ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಇಲ್ಲ.

ಮಾವ: ಈ ಡಬ್ಬಿಯದು ನಾಳಕ್ಕಲ್ಲ, ಬಾಯಿಗೆ. ತೊಂದರೆ ಏನು?

ಸೊಸೆ: ಮೆಣಸಿನ ಸತ್ವ ಅರಿಶಿನವನ್ನು ಕರಗಿಸುವುದಿಲ್ಲ ಮಾವ. ಅದು ಮಾಡುವುದು ಬೇರೆ ಕೆಲಸ. ನಮ್ಮ ಕರುಳು, ಯಕೃತ್ತು ಹೊರಗಿನ ವಸ್ತುವಿಗೆ ಒಂದು ಸಕ್ಕರೆಯ ಗುರುತು ಅಂಟಿಸಿ ಆಚೆ ಹಾಕುತ್ತವೆ. ಪೈಪರಿನ್ ಆ ಅಂಟಿಸುವ ಕೆಲಸವನ್ನು ತಡೆಯುತ್ತೆ, ಔಷಧ ಒಡೆಯುವ ಇನ್ನೊಂದು ಕಿಣ್ವವನ್ನೂ ತಡೆಯುತ್ತೆ. ಹಾಗೆ ತಡೆದಾಗ ಅರಿಶಿನ ಒಂದೇ ಉಳಿಯುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಒಡೆಯುವುದರಲ್ಲಿ ಆ ಕಿಣ್ವಕ್ಕೂ ಪಾಲಿದೆ. ಇರಿನೊಟೆಕಾನಿನ ಉಗ್ರ ಭಾಗ ಮೈ ಬಿಟ್ಟು ಹೋಗುವುದೇ ಆ ಸಕ್ಕರೆ ಗುರುತಿನಿಂದ. ವೈದ್ಯರು ಅಳೆದು ಕೊಟ್ಟ ಪ್ರಮಾಣ ರೋಗಿಯ ರಕ್ತದಲ್ಲಿ ಅವರಿಗೆ ತಿಳಿಯದೆ ಏರಬಹುದು. ಮೆಣಸು ಸೇರಿಸಿದ ಅರಿಶಿನದ ಮಾತ್ರೆಯಿಂದ ಯಕೃತ್ತಿಗೆ ಪೆಟ್ಟಾದ ವರದಿಗಳು ಇಟಲಿಯಿಂದ, ಅಮೆರಿಕದಿಂದ ಬಂದಿವೆ. ಸಾರಿನ ಅರಿಶಿನ, ಮೆಣಸಿನ ಮಾತಲ್ಲ ಇದು, ಅದನ್ನು ಧಾರಾಳವಾಗಿ ಊಟ ಮಾಡಲಿ. ಈ ಕ್ಯಾಪ್ಸೂಲನ್ನು ಮಾತ್ರ ಕೀಮೋ ಕೊಡುವ ಡಾಕ್ಟರಿಗೆ ತೋರಿಸದೆ ಒಂದನ್ನೂ ನುಂಗಬಾರದು. ಕೀಮೋ ಬಿಟ್ಟು ಇದನ್ನು ಹಿಡಿಯುವ ಮಾತಂತೂ ಯಾರೂ ಆಡಕೂಡದು.

ಮಾವ: ಯಾರೋ ಆಡಿದ್ದಾರೆ. ಅದಕ್ಕೇ ನಿನ್ನ ಕೇಳಿದ್ದು.

ಸೊಸೆ: ಅಂಥವರಿಗೆ ಹೇಳಿ. 2017ರ ತನಕ ಕರ್ಕ್ಯುಮಿನ್ ಮೇಲೆ 120ಕ್ಕೂ ಹೆಚ್ಚು ಪರೀಕ್ಷೆ ಮನುಷ್ಯರಲ್ಲಿ ನಡೆದಿದ್ದವು. ಯಾರಿಗೂ ತಿಳಿಯದ ಹಾಗೆ ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ ಒಂದೂ ಗೆದ್ದಿಲ್ಲ ಅಂತ ಆ ವರ್ಷ ಔಷಧ ರಸಾಯನದ ತಜ್ಞರು ಬರೆದರು. ಅರಿಶಿನದ ಮೇಲೆ ನನಗೆ ಆಸೆ ಇದೆ. ತ್ರಿಶ್ಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 1985ರಲ್ಲೇ ಅದರ ಕ್ಯಾನ್ಸರ್ ವಿರೋಧಿ ಗುಣ ತೋರಿಸಿದ್ದಾರೆ, ಅದನ್ನು ಬಿಟ್ಟುಕೊಡಲು ನಾನು ಸಿದ್ಧಳಿಲ್ಲ. ಆದರೆ ಆಸೆಯನ್ನು ರೋಗಿಯ ಕೈಗೆ ಮಾತ್ರೆ ಮಾಡಿ ಕೊಡಲಾಗದು.

ಮಾವ: ಅವರಿಗೆ ವಾಂತಿಯ ಕಾಟ ಬಹಳ. ನಮ್ಮ ಶುಂಠಿ?

ಸೊಸೆ: ಅದಕ್ಕೆ ಸ್ವಲ್ಪ ಆಧಾರ ಇದೆ. ಅಮೆರಿಕದಲ್ಲಿ 576 ಕೀಮೋ ರೋಗಿಗಳ ಮೇಲೆ ನಡೆದ ಪರೀಕ್ಷೆ, 2012ರಲ್ಲಿ ಬಂತು. ವಾಂತಿ ತಡೆಯುವ ಮಾಮೂಲಿ ಮದ್ದಿನ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಕೊಟ್ಟಾಗ ಮೊದಲ ದಿನದ ಹೊಟ್ಟೆ ತೊಳಸುವಿಕೆ ಕಮ್ಮಿಯಾಯಿತು. ಆಮೇಲಿನ ಕೆಲವು ಪರೀಕ್ಷೆಗಳಲ್ಲಿ ಅಷ್ಟು ಕಾಣಲಿಲ್ಲ. ಡಾಕ್ಟರನ್ನು ಕೇಳಿ ಕೊಡಿ, ಅಡುಗೆಯ ಅಳತೆಯಲ್ಲಿ.

ಮಾವ: ಸರಿ. ಹಾಸನದಲ್ಲಿ ಕೂತು ನಿನ್ನ ಹುಡುಗರು ಏನು ಮಾಡಬಹುದು? ಅದನ್ನಾದರೂ ಹೇಳು.

ಸೊಸೆ: ಬೇಕಾದಷ್ಟಿದೆ. ಮೊದಲನೆಯದು ಕಣ ಸಣ್ಣದು ಮಾಡುವುದು. ಬೆಲ್ಲದ ಅಚ್ಚಿಗಿಂತ ಕುಟ್ಟಿದ ಬೆಲ್ಲ ಬೇಗ ಕರಗುವ ಹಾಗೆ. ಒಂದು ಮಿಲಿಮೀಟರಿನ ಕಣವನ್ನು 100 ನ್ಯಾನೋಮೀಟರಿಗೆ ಇಳಿಸಿದರೆ ಮೇಲ್ಮೈ ಹತ್ತು ಸಾವಿರ ಪಟ್ಟು. ಸೈಕ್ಲೊಡೆಕ್ಸ್‌ಟ್ರಿನ್ ಇದೆ, ಪಿಷ್ಟದಿಂದ ಮಾಡಿದ ಉಂಗುರ, ಹೊರಗೆ ನೀರಿಗೊಗ್ಗುತ್ತೆ, ಒಳಗೆ ಕರ್ಕ್ಯುಮಿನ್ ಕೂರುತ್ತೆ. ನನಗೆ ಇಷ್ಟವಾದದ್ದು ನಿಮ್ಮ ಬೀಗರ ತಾಲ್ಲೂಕಿನ ತೆಂಗಿನ ದಾರಿ. ಒಗ್ಗರಣೆಗೆ ಅರಿಶಿನ ಹಾಕಿದ ಕೂಡಲೇ ಎಣ್ಣೆಗೆ ಬಣ್ಣ ಬರುತ್ತಲ್ಲ. ತೆಂಗಿನೆಣ್ಣೆಯಲ್ಲಿ 8 ಮತ್ತು 10 ಇಂಗಾಲದ ಚಿಕ್ಕ ಕೊಬ್ಬಿನಾಮ್ಲಗಳಿವೆ. ಅವನ್ನು ಬೇರ್ಪಡಿಸಿ ಮಾಡಿದ ಎಣ್ಣೆಗೆ ಅರಿಶಿನದ ಸತ್ವ ಮತ್ತು ಎಣ್ಣೆ-ನೀರು ಕೂಡಿಸುವ ಎಮಲ್ಸಿಫೈಯರ್ ಬೆರೆಸಿ ಕ್ಯಾಪ್ಸೂಲಿಗೆ ತುಂಬಿದರೆ, ಹೊಟ್ಟೆಯ ನೀರು ತಗುಲಿದ ಕೂಡಲೇ ತಾನಾಗಿಯೇ ಸಣ್ಣ ಸಣ್ಣ ಹನಿಯಾಗಿ ಹರಡುತ್ತೆ. ಜಗತ್ತಿನ ಹಲವು ಮದ್ದುಗಳಿಗೆ ಈ ವಿಧಾನ ಬಳಕೆಯಲ್ಲಿದೆ.

ಮಾವ: ಚನ್ನರಾಯಪಟ್ಟಣದಲ್ಲಿ ಕಾಯಿಗೆ ಬರವಿಲ್ಲ. ಒಂದು ಚೀಲ ಕಳಿಸಿಕೊಡಲಾ?

ಸೊಸೆ: ಕಾಯಿಯಿಂದ ನೇರವಾಗಿ ಆಗಲ್ಲ ಮಾವ, ಬೇರ್ಪಡಿಸಿದ ಎಣ್ಣೆಯೇ ಬೇಕು. ಅದು ಪೇಟೆಯಲ್ಲಿ ಸಿಗುತ್ತೆ. ಕಷ್ಟ ಇರುವುದು ಅಳೆಯುವುದರಲ್ಲಿ. ಆಮ್ಲದಲ್ಲಿ ಎರಡು ಗಂಟೆ, ಆಮೇಲೆ ಪಿತ್ತ ಲವಣ ಬೆರೆಸಿದ 6.8 ಪಿಎಚ್ ನೀರಿನಲ್ಲಿ ಇಟ್ಟು, ಹಳದಿ ಪುಡಿ ಮತ್ತೆ ತಳಕ್ಕೆ ಬೀಳುತ್ತಾ ನೋಡಬೇಕು. ಬಹಳಷ್ಟು ಸೂತ್ರಗಳು ಸೋಲುವುದು ಅಲ್ಲೇ. ಬಿಸಿಯಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಇಟ್ಟು ಮತ್ತೆ ಅಳೆಯಬೇಕು.

ಮಾವ: ಬಣ್ಣ ಉಳಿದಿದ್ದರೆ ಸರಿ ಅಂತ ಲೆಕ್ಕವಾ?

ಸೊಸೆ: ಬಣ್ಣ ನಂಬುವ ಹಾಗಿಲ್ಲ. ಮುರಿದ ಚೂರುಗಳಲ್ಲೂ ಕೆಲವು ಹಳದಿಯೇ ಇರುತ್ತವೆ, ಬರೀ ಬಣ್ಣ ಅಳೆಯುವ ಉಪಕರಣಕ್ಕೆ ವ್ಯತ್ಯಾಸ ತಿಳಿಯದು. ಬೆರಕೆಯ ಅಂಶಗಳನ್ನು ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣದಲ್ಲಿ ಹರಿಸಿ, ಇಡಿಯಾಗಿ ಉಳಿದ ಕರ್ಕ್ಯುಮಿನ್ ಎಷ್ಟು, ಚೂರು ಎಷ್ಟು ಅಂತ ಬೇರೆ ಬೇರೆ ಬರೆಯಬೇಕು. ಆ ಎರಡನೆಯ ಅಂಕಿ ಇಲ್ಲದ ಪ್ರಬಂಧಕ್ಕೆ ನಾನು ಸಹಿ ಹಾಕುವುದಿಲ್ಲ.